ಬ್ಯಾಡಗಿಯೆಂಬ ಹೆಸರು

ಸರಕಿಗೆ ಊರಿನ ಹೆಸರು ಅಂಟುವದು ಎರಡು ಬಗೆಯಿಂದ. ಬೆಳೆದ ಊರಿನಿಂದ ಹೆಸರು ಬರುವದು ಒಂದು ಬಗೆ. ಮಾರಿದ ಊರಿನಿಂದ ಬರುವದು ಇನ್ನೊಂದು ಬಗೆ. ಬೆಳೆದ ಊರಿನ ಹೆಸರಿಗೆ ನೆಲವೂ ನೀರೂ ಸಾಕ್ಷಿಯಾಗಿ ನಿಲ್ಲುತ್ತವೆ. ಮಾರಿದ ಊರಿನ ಹೆಸರಿಗಾದರೋ ಆ ಪೇಟೆಯವರ ಕಣ್ಣು ಮತ್ತು ಮಾತು ಇವೆರಡೇ ಸಾಕ್ಷಿ. ನಮ್ಮ ಹಾವೇರಿ ಜಿಲ್ಲೆಯ ಹೆಸರುವಾಸಿಯಾದ ಸರಕುಗಳು ಬಹುಮಟ್ಟಿಗೆ ಈ ಎರಡನೆಯ ವರ್ಗಕ್ಕೆ ಸೇರಿದವೆಂಬದನ್ನು ನಾವು ಸಾಮಾನ್ಯವಾಗಿ ಲಕ್ಷ್ಯಕ್ಕೆ ತಂದುಕೊಳ್ಳುವದಿಲ್ಲ. ಹಾವೇರಿಯ ಏಲಕ್ಕಿಯೆಂದು ನಾಡೆಲ್ಲ ಹೊಗಳಿತು. ಆದರೆ ಏಲಕ್ಕಿಯು ಮಲೆನಾಡಿನ ತೋಟದ ಬೆಳೆಯೇ ಹೊರತು ಹಾವೇರಿಯ ಬಯಲಿನದಲ್ಲ. ಮಲೆನಾಡಿನಿಂದ ಬಂದ ಕಾಯಿಯನ್ನು ಈ ಊರಿನ ನೀರಿನಲ್ಲಿ ಅಂಟುವಾಳದಿಂದ ತೊಳೆದು, ಬೆಳ್ಳಗೆ ಮಾಡಿ, ಒಣಗಿಸಿ ಮಾರುತ್ತಿದ್ದುದರಿಂದ ಆ ಕೀರ್ತಿ ಹಾವೇರಿಗೆ ಬಂದಿತು. ರಾಣೇಬೆನ್ನೂರ, ಹಾವೇರಿಗಳ ಎರೆಭೂಮಿಯ ಹತ್ತಿಯು ಪರದೇಶದ ಪೇಟೆಗಳಲ್ಲಿ ಬಹುಕಾಲ ಮಾರಾಟವಾದದ್ದು ಕುಮಟಾ ಎಂಬ ಬಂದರದ ಹೆಸರಿನಿಂದ. ಇನ್ನು ಬ್ಯಾಡಗಿಯ ಮೆಣಸಿನಕಾಯಿಯು ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವಂತೆ ಕುಂದಗೋಳ, ಹುಬ್ಬಳ್ಳಿ, ಗದಗಗಳ ಸುತ್ತಿನ ಹೊಲಗಳಲ್ಲಿಯೂ ಬೆಳೆಯುತ್ತದೆ. ಅದೆಲ್ಲವೂ ಹರಿದು ಬಂದು ಕೂಡುವ ಪೇಟೆ ಬ್ಯಾಡಗಿಯಾದ್ದರಿಂದ ಆ ಊರಿನ ಹೆಸರೇ ಕಾಯಿಗೆ ನಿಂತಿತು.

ಹೀಗಿರುವಾಗ ಹೆಸರೆಂಬದು ಕೊಳ್ಳುವವನಿಗೆ ಕೊಡುವ ವಚನವಾದರೂ ಏನು? ಒಂದರ ಹೆಸರಿನಲ್ಲಿ ಇನ್ನೊಂದು ಮಾರಾಟವಾದರೆ ಅಲ್ಲಿ ಮೋಸಹೋಗುವವರಾರು? ಮೀನಿನ ಪೇಟೆಯಲ್ಲಿ, ತುಪ್ಪದ ಅಂಗಡಿಯಲ್ಲಿ, ಮೆಣಸಿನಕಾಯಿಯ ಅಡತಿಯಲ್ಲಿ, ಜಗತ್ತಿನ ಎಲ್ಲ ಕಡೆಗಳಲ್ಲಿಯೂ ಇಂದು ಕೇಳಿಬರುತ್ತಿರುವ ಈ ಪ್ರಶ್ನೆಯು ಹೊಸದೇನೂ ಅಲ್ಲ. ಅದರ ಇತಿಹಾಸದ ಕೆಲವು ಪುಟಗಳು ನಮ್ಮ ಸೀಮೆಯಲ್ಲಿಯೇ ಬರೆಯಲ್ಪಟ್ಟಿವೆ. ಅವನ್ನು ಇಲ್ಲಿ ಒಂದೆಡೆಗೆ ತಂದು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶ.

ಮೊದಲು ಒಂದು ಭೇದವನ್ನು ಹೇಳಬೇಕು. ಹೆಸರನ್ನು ಎರವು ಪಡೆಯುವದು ಬೇರೆ, ಕದಿಯುವದು ಬೇರೆ. ಮೆಣಸಿನಕಾಯಿಯ ಹೆಸರೇ ಇದಕ್ಕೆ ನಿದರ್ಶನ. ಈ ಗಿಡದ ತವರು ಅಮೇರಿಕಾ ಖಂಡ. ಪೋರ್ಚುಗೀಜರು ಪಶ್ಚಿಮ ತೀರಕ್ಕೆ ಬಂದ ಮೇಲೆ, ೧೬ನೆಯ ಶತಮಾನದಲ್ಲಿ, ಇದು ಹಿಂದೂಸ್ಥಾನವನ್ನು ಹೊಕ್ಕಿತು. ಅದಕ್ಕೂ ಮೊದಲು ಕನ್ನಡಿಗರ ಅಡಿಗೆಗೆ ಖಾರವನ್ನು ಕೊಡುತ್ತಿದ್ದುದು ಬಳ್ಳಿಯ ಮೆಣಸು. ಹೊಸ ಕಾಯಿಯೂ ನಾಲಗೆಯನ್ನು ಸುಟ್ಟಿತಾದ್ದರಿಂದ ನಮ್ಮವರು ಅದನ್ನು ಮೆಣಸಿನ ಕಾಯಿಯೆಂದು ಕರೆದರು. ಇಲ್ಲಿ ಹೆಸರು ಒಂದರಿಂದ ಇನ್ನೊಂದಕ್ಕೆ ದಾಟಿತು, ನಿಜ. ಆದರೆ ಯಾರೂ ಮೋಸಹೋಗಲಿಲ್ಲ. ಕಪ್ಪು ಕಾಳೂ ಕೆಂಪು ಕಾಯಿಯೂ ಕಣ್ಣೆದುರಿಗೇ ಇದ್ದವು. ಕೊಳ್ಳುವವನ ಕಣ್ಣಿಗೆ ಭೇದ ಕಾಣುವವರೆಗೆ ಹೆಸರಿನ ಎರವು ನಿರಪಾಯಕರ. ಭೇದವು ಕಾಣದಂತೆ ಮಾಡಿ ಅದೇ ಹೆಸರನ್ನು ಹಚ್ಚಿದಾಗ ಅದು ಕಳವು.

ಈ ಕಳವನ್ನು ನಮ್ಮ ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ವ್ಯಾಪಾರಿಗಳಿಂದ ಪ್ರಜೆಯನ್ನು ರಕ್ಷಿಸುವ ವಿಷಯವಾಗಿ ಒಂದು ಪ್ರಕರಣವಿದೆ. ಧಾನ್ಯ, ಎಣ್ಣೆ, ಉಪ್ಪು, ಸುಗಂಧದ್ರವ್ಯ, ಔಷಧಗಳಲ್ಲಿ ಅವನ್ನೇ ಹೋಲುವ ಬೇರೆ ವಸ್ತುವನ್ನು ಬೆರಸಿದವನಿಗೆ ೧೨ ಪಣ ದಂಡವನ್ನು ಅಲ್ಲಿ ಹೇಳಿದೆ. ಅದೇ ಪ್ರಕರಣವು ಇನ್ನೊಂದು ಅಪರಾಧವನ್ನು ಬೇರೆಯಾಗಿಯೇ ಎಣಿಸುತ್ತದೆ: ಒಂದೆಡೆಯಲ್ಲಿ ಹುಟ್ಟದ ಸರಕನ್ನು ಅಲ್ಲಿಯೇ ಹುಟ್ಟಿದ್ದೆಂದು ಹೇಳಿ ಮಾರುವದು. ಬೆಲೆ ಕಡಿಮೆಯದಾದ ಇಂಥ ಸರಕಿನ ವಂಚನೆಗೂ ೫೪ ಪಣಗಳ ದಂಡ. ಸರಕಿಗೆ ಕೂಡಿಸುವ ಮೋಸಕ್ಕಿಂತ ಹೆಸರಿಗೆ ಕೂಡಿಸುವ ಮೋಸವು ಹೆಚ್ಚಿನದೆಂದು ಅಲ್ಲಿ ತೋರುವದು ಆಶ್ಚರ್ಯಕರವಾದರೂ ಅಸಂಗತವಲ್ಲ. ಕಲ್ಲು ಕೂಡಿದ ಅಕ್ಕಿಯಿಂದ ಕೊಂಡವನೊಬ್ಬನಿಗೆ ಹಾನಿ. ಕಳವಾದ ಹೆಸರಿನಿಂದ ಆ ಹೆಸರನ್ನು ಗಳಿಸಿದ ಊರಿಗೆ ಊರೇ ಹಾನಿಗೊಳಗಾಗುತ್ತದೆ.

ಇದು ಕೇವಲ ಶಾಸ್ತ್ರದ ಮಾತಲ್ಲ. ನಮ್ಮ ಎರೆಭೂಮಿಯಲ್ಲಿ ಪ್ರತ್ಯಕ್ಷವಾಗಿ ನಡೆದ ಸಂಗತಿ. ೧೮೪೦ರ ದಶಕದಲ್ಲಿ ಕಂಪನಿ ಸರಕಾರವು ಅಮೇರಿಕೆಯ ನ್ಯೂ ಆರ್ಲಿಯನ್ಸ ಹತ್ತಿಯ ಬೀಜವನ್ನು ತರಿಸಿ ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿತು. ಇಂದಿನ ಹಾವೇರಿ ಜಿಲ್ಲೆಯು ಆಗ ಧಾರವಾಡ ಜಿಲ್ಲೆಯ ಭಾಗವೇ ಆಗಿತ್ತು. ಈ ಹೊಸ ಹತ್ತಿಗೆ ಧಾರವಾಡ-ಅಮೇರಿಕನ್ ಎಂದು ಹೆಸರಾಯಿತು. ಹಳೆಯ ಜವಾರಿ ಹತ್ತಿಯನ್ನು ಎತ್ತುಗಳ ಮೇಲೆ ಹೇರಿ, ಘಟ್ಟವನ್ನಿಳಿಸಿ, ಕುಮಟೆಯ ಬಂದರಕ್ಕೊಯ್ದು ಮುಂಬಯಿಗೆ ಕಳಿಸುತ್ತಿದ್ದುದರಿಂದ ಅದು ಕುಮಟಾ ಎನಿಸಿಕೊಂಡಿತು. ಎರಡೂ ಒಂದೇ ಸೀಮೆಯ ಬೆಳೆಗಳು. ಅಕ್ಕಪಕ್ಕದ ಹೊಲಗಳಲ್ಲಿ ನಿಂತವುಗಳು. ಆದರೆ ಎಳೆ ಬೇರೆ, ಗಿರಣಿಯಲ್ಲಿ ಅವುಗಳ ಉಪಯೋಗ ಬೇರೆ, ಬೆಲೆಯೂ ಬೇರೆ. ಬೀಜ ಬಿಡಿಸಿ ಅಂಡಿಗೆ ಕಟ್ಟಿದ ಮೇಲೆ ಒಳಗಿನದನ್ನು ನೋಡುವವರಾರು? ಹೆಚ್ಚಿನ ಬೆಲೆಯ ಹೆಸರಿನ ಕೆಳಗೆ ಕಡಿಮೆ ಬೆಲೆಯ ಅರಳೆಯು ಸೇರಿಕೊಳ್ಳತೊಡಗಿತು.

೧೮೬೧ರಿಂದ ೧೮೬೫ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿಯು ಇಂಗ್ಲಂಡಕ್ಕೆ ಬರುವದು ನಿಂತಾಗ ಹಿಂದೂಸ್ಥಾನದ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಬೆಲೆಯೊಡನೆ ಮೋಸವೂ ಏರಿತು. ಹಾಳು ಹತ್ತಿ, ಬೀಜ, ಮಣ್ಣು ಎಲ್ಲವೂ ಅಂಡಿಗೆಯಲ್ಲಿ ಕೂಡಿ ಹಡಗವನ್ನೇರಿದವು. ಆಗ ಮುಂಬಯಿ ಸರಕಾರವು ೧೮೬೩ರಲ್ಲಿ ಹತ್ತಿಯ ಮೋಸವನ್ನು ತಡೆಯುವದಕ್ಕೆಂದೇ ಒಂದು ಕಾಯಿದೆಯನ್ನು ಮಾಡಿ, ಪರೀಕ್ಷಕರನ್ನು ನೇಮಿಸಿ, ಅಂಡಿಗೆ ಕಟ್ಟುವ ಕಾರಖಾನೆಗಳಿಗೆ ಪರವಾನಿಗೆಯ ನಿರ್ಬಂಧವನ್ನು ಹಾಕಿತು. ೧೮೭೮ರಲ್ಲಿ ಇದನ್ನು ತಿದ್ದಿ ಮತ್ತೊಂದು ಕಾಯಿದೆ ಬಂದಿತು. ಪರೀಕ್ಷೆಯ ವೆಚ್ಚವನ್ನು ಹೊರಬೇಕಾದ ವರ್ತಕರಿಗೆ ಇದು ಒಗ್ಗಲಿಲ್ಲ. ೧೮೮೦ರ ದಶಕದ ಆರಂಭದಲ್ಲಿ ಆ ಇಡೀ ವ್ಯವಸ್ಥೆಯೇ ನಿಂತುಹೋಯಿತು. ಅದೇ ದಶಕದಲ್ಲಿ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಗಳ ಮೇಲೆ ಹಾಯ್ದು ಹರಿಹರಕ್ಕೆ ರೇಲ್ವೆ ಬಂದಿತು. ಹತ್ತಿಯು ಕುಮಟೆಯ ದಾರಿಯನ್ನು ಬಿಟ್ಟು ರೇಲಿನ ದಾರಿಯನ್ನು ಹಿಡಿಯಿತು. ಆದರೂ ಹೆಸರು ಕುಮಟಾ ಎಂದೇ ಉಳಿಯಿತು. ಹೆಸರು ಸರಕಿಗಿಂತ ಹೇಗೆ ದೀರ್ಘಾಯುವಾಗಿರುತ್ತದೆಂಬದಕ್ಕೆ ಇದು ಸಾಕ್ಷಿ.

ಮೋಸದಿಂದ ರೈತನಿಗೆ ಒದಗುವ ಹಾನಿಯ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಗಿರಣಿಯವನು ಅಂಡಿಗೆಯನ್ನು ಒಡೆದಾಗ ಮಿಶ್ರವಾದ ಅರಳೆಯನ್ನು ಕಂಡು, ಮುಂದಿನ ಸಲ ಆ ಹೆಸರಿನ ಎಲ್ಲ ಅಂಡಿಗೆಗಳಿಗೂ ಬೆಲೆಯನ್ನು ಇಳಿಸುತ್ತಾನೆ. ಯಾವುದು ಶುದ್ಧ, ಯಾವುದು ಮಿಶ್ರವೆಂದು ಹೊರಗಿನಿಂದ ತಿಳಿಯದಾದ್ದರಿಂದ ಅವನು ಎಲ್ಲಕ್ಕೂ ಮಿಶ್ರದ ಬೆಲೆಯನ್ನೇ ಕೊಡುತ್ತಾನೆ. ಶುದ್ಧವಾದುದನ್ನು ಬೆಳೆದ ರೈತನಿಗೆ ಅವನ ಶ್ರಮದ ಬೆಲೆ ಬಾರದೆ ಹೋಗುತ್ತದೆ. ಎರಡು-ಮೂರು ವರ್ಷ ನೋಡಿ ಅವನೂ ಆ ಬೆಳೆಯನ್ನು ಬಿಡುತ್ತಾನೆ. ಕೊನೆಗೆ ಪೇಟೆಯಲ್ಲಿ ಹೆಸರು ಮಾತ್ರ ಉಳಿದು, ಹೆಸರಿನ ಒಡೆಯನಾದ ವಸ್ತು ಇಲ್ಲದಾಗುತ್ತದೆ. ೧೯೭೦ರಲ್ಲಿ ಜಾರ್ಜ ಅಕರ್‌ಲಾಫ್ ಎಂಬ ಅಮೇರಿಕೆಯ ಅರ್ಥಶಾಸ್ತ್ರಜ್ಞರು ಇದೇ ತತ್ವವನ್ನು ಒಂದು ಪ್ರಬಂಧದಲ್ಲಿ ಪ್ರತಿಪಾದಿಸಿದರು; ೨೦೦೧ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಆ ಪ್ರಬಂಧದಲ್ಲಿ, ಅಕ್ಕಿಯಲ್ಲಿ ಅಕ್ಕಿಯ ಬಣ್ಣದ್ದೇ ಕಲ್ಲನ್ನು ಆರಿಸುತ್ತ ಕುಳಿತ ಭಾರತೀಯ ಗೃಹಿಣಿಯ ಉದಾಹರಣೆಯೂ ಬಂದಿದೆಯೆಂಬದು ನಮ್ಮ ಓದುಗರಿಗೆ ಸ್ವಾರಸ್ಯವಾಗಿ ತೋರಬಹುದು.

ಹತ್ತಿಯ ವಿಷಯದಲ್ಲಿ ಸರಕಾರಕ್ಕೆ ಈ ಸತ್ಯವು ಮನವರಿಕೆಯಾದದ್ದು ಮತ್ತೆ ೧೯೧೭-೧೯ರಲ್ಲಿ, ಇಂಡಿಯನ್ ಕಾಟನ್ ಕಮಿಟಿಯು ದೇಶವನ್ನೆಲ್ಲ ಸುತ್ತಿ ವಿಚಾರಿಸಿದಾಗ. ಅದರ ಫಲವಾಗಿ ೧೯೨೩ರಲ್ಲಿ ಹತ್ತಿಯ ಸಾಗಾಣಿಕೆಯ ಕಾಯಿದೆಯು ಹುಟ್ಟಿತು. ಇದರ ಮರ್ಮವು ಲಕ್ಷ್ಯದಲ್ಲಿಡತಕ್ಕದ್ದು. ಉತ್ತಮ ಹತ್ತಿಯ ಸೀಮೆಯೊಳಕ್ಕೆ ಹೊರಗಿನ ಹೀನ ಹತ್ತಿಯನ್ನು ಪರವಾನಿಗೆಯಿಲ್ಲದೆ ತರುವದನ್ನೇ ಅದು ತಡೆಯಿತು. ಏಕೆಂದರೆ ಹಾಗೆ ತರುವ ಹತ್ತಿಯು ಬರುತ್ತಿದ್ದುದು ಆ ಸೀಮೆಯ ಹೆಸರನ್ನು ಹೊದ್ದು ಮತ್ತೆ ಹೊರಗೆ ಹೋಗುವದಕ್ಕಾಗಿಯೇ. ಕಳ್ಳನು ಮನೆಯನ್ನು ಹೊಕ್ಕು ಮನೆಯವನ ಅಂಗಿಯನ್ನು ತೊಟ್ಟು ಹೊರಬರುವಂತೆ ಈ ವ್ಯವಹಾರ. ಈ ದೃಷ್ಟಾಂತವನ್ನು ವಾಚಕರು ಮರೆಯಬಾರದು. ಬ್ಯಾಡಗಿಯ ವಿಚಾರಕ್ಕೆ ಬಂದಾಗ ಇದು ಮತ್ತೆ ಬೇಕಾಗುವದು.

ತಿನ್ನುವ ಪದಾರ್ಥದ ಹೆಸರಿನ ಕಳವನ್ನು ಬಯಲಿಗೆಳೆದ ಕೀರ್ತಿಯು ಮುಖ್ಯವಾಗಿ ಇಬ್ಬರದು. ಒಬ್ಬರು ಲಂಡನ್ನಿನಲ್ಲಿ ನೆಲಸಿದ್ದ ಜರ್ಮನ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಅಕ್ಕುಂ. ೧೮೨೦ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ, ಮೆಣಸಿನ ಪುಡಿಗೆ ಕೆಂಪು ಸೀಸವನ್ನೂ ಸಣ್ಣ ಮೀನಿನ ಗೊಜ್ಜಿಗೆ ಕೆಮ್ಮಣ್ಣನ್ನೂ ಕೂಡಿಸುತ್ತಿದ್ದ ಅಂಗಡಿಕಾರರ ಚಾತುರ್ಯವು ಹೊರಬಿದ್ದಿತು. ಇನ್ನೊಬ್ಬರು ವೈದ್ಯರಾದ ಆರ್ಥರ್ ಹ್ಯಾಸಲ್. ೧೮೫೦ರ ದಶಕದಲ್ಲಿ ಅವರು ಸೂಕ್ಷ್ಮದರ್ಶಕದ ಕೆಳಗೆ ಲಂಡನ್ನಿನ ಪೇಟೆಯ ಪದಾರ್ಥಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಇಟಲಿಯ ಗೊರ್ಗೋನಾ ದ್ವೀಪದ ಹೆಸರಿನಿಂದ ಮಾರುತ್ತಿದ್ದ ಆಂಚೋವಿ ಎಂಬ ಸಣ್ಣ ಮೀನಿನ ಬಾಟಲಿಗಳಲ್ಲಿ ಡಚ್ಚರ ಸೀಮೆಯಿಂದ ಬಂದ ಬೇರೆ ಅಗ್ಗದ ಮೀನು ತುಂಬಿದ್ದನ್ನು ಅವರು ತೋರಿಸಿಕೊಟ್ಟರು. ಮೀನಿನ ಬೆನ್ನು, ತಲೆ, ರೆಕ್ಕೆ ಇರುವವರೆಗೆ ಮೀನುಗಾರರ ಹೆಣ್ಣುಮಗಳನ್ನು ಮೋಸಗೊಳಿಸುವದು ಸಾಧ್ಯವಿಲ್ಲ. ತಲೆ ತೆಗೆದು, ತೊಗಲು ಸುಲಿದು, ಉಪ್ಪಿನಲ್ಲಿಟ್ಟು ಬಾಟಲಿಯಲ್ಲಿ ತುಂಬಿದ ಮೇಲೆ ಚೀಟಿಯನ್ನು ನಂಬುವದರ ಹೊರತು ಬೇರೆ ಗತಿಯಿಲ್ಲ. ಈ ವಿಚಾರಗಳ ಪರಿಣಾಮವಾಗಿ ಇಂಗ್ಲಂಡದಲ್ಲಿ ೧೮೬೦ರಲ್ಲಿಯೂ ಆಮೇಲೆ ೧೮೭೫ರಲ್ಲಿಯೂ ಕಾಯಿದೆಗಳಾದವು. ನಮ್ಮಲ್ಲಿ ೧೮೮೯ರ ಸರಕಿನ ಮುದ್ರೆಗಳ ಕಾಯಿದೆಯು ಹುಟ್ಟಿದ ದೇಶದ ವಿಷಯವಾಗಿ ಸುಳ್ಳು ಹೇಳುವದನ್ನು ಅಪರಾಧವೆಂದಿತು. ಮುಂಬಯಿ ಇಲಾಖೆಯಲ್ಲಿ ೧೯೨೫ರಲ್ಲಿ ಕಲಬೆರಿಕೆಯನ್ನು ತಡೆಯುವ ಕಾಯಿದೆಯೂ, ದೇಶಕ್ಕೆಲ್ಲ ೧೯೩೭ರಲ್ಲಿ ಕೃಷಿ ಸರಕನ್ನು ದರ್ಜೆಗೊಳಿಸಿ ಮುದ್ರೆಯೊತ್ತುವ ಕಾಯಿದೆಯೂ ಬಂದವು. ಈ ಕೊನೆಯದರಿಂದಲೇ ಇಂದಿನ ಅಗಮಾರ್ಕ ಮುದ್ರೆ ಹುಟ್ಟಿತು.

ಹ್ಯಾಸಲ್ಲರ ಕಾಲದ ಮೀನಿನ ಮೋಸವು ಇಂದಿಗೂ ನಿಂತಿಲ್ಲ. ೨೦೦೮ರಲ್ಲಿ ನ್ಯೂಯಾರ್ಕ ನಗರದ ಇಬ್ಬರು ಶಾಲಾ ವಿದ್ಯಾರ್ಥಿನಿಯರು ಅಂಗಡಿ ಹಾಗೂ ಊಟದ ಮನೆಗಳಿಂದ ೬೦ ಮೀನಿನ ತುಣುಕುಗಳನ್ನು ಕೂಡಿಸಿ, ಜೀವಕೋಶದೊಳಗಿನ ಡಿಎನ್‌ಎಯಿಂದ ಜಾತಿಯನ್ನು ಗುರುತಿಸುವ ಪ್ರಯೋಗಶಾಲೆಗೆ ಕಳಿಸಿದರು. ಗುರುತು ಸಿಕ್ಕವುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹಚ್ಚಿದ ಹೆಸರು ಸುಳ್ಳಾಗಿತ್ತು. ೨೦೧೩ರಲ್ಲಿ ಓಷಿಯಾನಾ ಎಂಬ ಸಂಸ್ಥೆಯು ಅಮೇರಿಕೆಯಲ್ಲಿ ೧,೨೧೫ ಮಾದರಿಗಳನ್ನು ಪರೀಕ್ಷಿಸಿ ಮೂರರಲ್ಲೊಂದು ಪಾಲು ಹೆಸರು ತಪ್ಪಿದವುಗಳೆಂದು ಸಾರಿತು. ಅದೇ ವರ್ಷ ಯುರೋಪದ ಒಕ್ಕೂಟವು ಮೀನಿಗೆ ವ್ಯಾಪಾರದ ಹೆಸರಿನೊಡನೆ ಶಾಸ್ತ್ರೀಯ ನಾಮವನ್ನೂ ಹಿಡಿದ ಸಮುದ್ರವನ್ನೂ ತಿಳಿಸಬೇಕೆಂದು ವಿಧಿಸಿತು. ನಮ್ಮ ದೇಶದ ಕೆರೆ-ಹೊಂಡಗಳಲ್ಲಿ ಸಾಕುವ ದಕ್ಷಿಣ ಅಮೇರಿಕೆಯ ಪಾಕು ಎಂಬ ಮೀನು ಪೇಟೆಯಲ್ಲಿ ರೂಪಚಂದ ಎನಿಸಿಕೊಳ್ಳುತ್ತದೆ. ವಂಗದೇಶದಲ್ಲಿ ರೂಪಚಾಂದಾ ಎಂಬದು ಸಮುದ್ರದ ಪಾಂಪ್ಲೆಟ್ ಮೀನಿನ ಹೆಸರು. ಸಿಹಿನೀರಿನ ಅಗ್ಗದ ಮೀನಿಗೆ ಕಡಲಿನ ದುಬಾರಿ ಮೀನಿನ ಹೆಸರಿನ ನೆರಳನ್ನು ಹೊದಿಸಿದಂತಾಯಿತು.

ಮೀನಿನ ವಿಷಯವಾಗಿ ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಇಡಿಯ ಮೀನಿಗೂ ಸುಲಿದ ತುಂಡಿಗೂ ಇರುವ ಸಂಬಂಧವೇ ಇಡಿಯ ಮೆಣಸಿನಕಾಯಿಗೂ ಅದರ ಪುಡಿಗೂ ಇದೆ. ಬ್ಯಾಡಗಿಯ ಕಾಯಿಯನ್ನು ಕಂಡವರು ಮರೆಯುವ ಹಾಗಿಲ್ಲ. ಅದರಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಕಡ್ಡಿಯು ತೆಳ್ಳಗೆ ಉದ್ದವಾಗಿರುವದು. ಡಬ್ಬಿಯು ಗಿಡ್ಡವಾಗಿ ತುಂಬಿಕೊಂಡಿರುವದು. ಎರಡರ ಮೈಯೂ ಒಣಗಿದ ಮೇಲೆ ಸುಕ್ಕುಸುಕ್ಕು, ಬಣ್ಣ ಕಡುಗೆಂಪು, ಖಾರವೋ ಬಹು ಕಡಿಮೆ. ಗುಂಟೂರಿನ ಕಾಯಿಯನ್ನು ಕೊಳ್ಳುವವನು ಖಾರವನ್ನು ಕೊಳ್ಳುತ್ತಾನೆ; ಬ್ಯಾಡಗಿಯ ಕಾಯಿಯನ್ನು ಕೊಳ್ಳುವವನು ಬಣ್ಣವನ್ನು ಕೊಳ್ಳುತ್ತಾನೆ. ಅಮೇರಿಕೆಯ ಸಾಂಬಾರ ವ್ಯಾಪಾರಿಗಳ ಸಂಘವು ಗೊತ್ತುಪಡಿಸಿದ ವರ್ಣಮಾನದಲ್ಲಿ ಉತ್ತಮ ಬ್ಯಾಡಗಿಯ ಕಾಯಿಯು ೧೫೦ಕ್ಕೂ ಮೇಲೆ ತೂಗುತ್ತದೆ. ಅದರಿಂದ ತೆಗೆದ ತೈಲರಾಳವು ತಿನಿಸುಗಳಿಗೆ ಮಾತ್ರವಲ್ಲದೆ ತುಟಿಗೂ ಉಗುರಿಗೂ ಹಚ್ಚುವ ಬಣ್ಣಗಳಿಗೂ ಉಪಯೋಗವಾಗುತ್ತದೆ. ಇಡಿಯ ಕಾಯಿಯಲ್ಲಿ ಈ ಲಕ್ಷಣಗಳೆಲ್ಲ ಕಣ್ಣಿಗೆ ಕಾಣುವವು. ಕುಟ್ಟಿ ಪುಡಿ ಮಾಡಿದೊಡನೆ ಸುಕ್ಕು ಹೋಯಿತು, ಉದ್ದ ಹೋಯಿತು, ಗಾತ್ರ ಹೋಯಿತು. ಉಳಿಯುವದು ಕೆಂಪು ಬಣ್ಣವೊಂದೇ.

ಆ ಬಣ್ಣವೇ ಸುಳ್ಳಾದರೆ? ೨೦೦೩ರಲ್ಲಿ ಫ್ರಾನ್ಸ ದೇಶದ ಅಧಿಕಾರಿಗಳು ಹಿಂದೂಸ್ಥಾನದಿಂದ ಬಂದ ಮೆಣಸಿನ ಪದಾರ್ಥದಲ್ಲಿ ಸೂಡಾನ್ ಎಂಬ ಬಣ್ಣವನ್ನು ಕಂಡರು. ಅದು ಎಣ್ಣೆ, ಮೇಣಗಳಿಗೆ ಬಣ್ಣ ಕಟ್ಟುವ ರಾಸಾಯನಿಕವೇ ಹೊರತು ತಿನ್ನುವ ವಸ್ತುವಲ್ಲ. ಅದರ ಮೇಲೆ ಅರ್ಬುದರೋಗವನ್ನು ತರುವ ಸಂಶಯವೂ ಇದೆ. ಯುರೋಪದ ಒಕ್ಕೂಟವು ಆ ವರ್ಷವೇ ಮೆಣಸಿನ ಪುಡಿಗೆ ಪರೀಕ್ಷಾಪತ್ರವನ್ನು ಕಡ್ಡಾಯ ಮಾಡಿತು. ೨೦೦೫ರ ಫೆಬ್ರುವರಿಯಲ್ಲಿ ಇಂಥ ಪುಡಿಯು ಒಂದು ಗೊಜ್ಜಿನಲ್ಲಿ ಸೇರಿ, ಆ ಗೊಜ್ಜು ನೂರಾರು ಸಿದ್ಧ ತಿನಿಸುಗಳಲ್ಲಿ ಸೇರಿ, ಇಂಗ್ಲಂಡದ ಅಂಗಡಿಗಳಿಂದ ಅವನ್ನೆಲ್ಲ ಹಿಂದಕ್ಕೆ ತೆಗೆಯಬೇಕಾಯಿತು. ಅಕ್ಕುಂ ಕಂಡ ಕೆಂಪು ಸೀಸದಿಂದ ಇಲ್ಲಿಯ ವರೆಗೆ ೧೮೫ ವರ್ಷಗಳು. ಕಲಬೆರಿಕೆಯ ವಸ್ತು ಮಾತ್ರ ಬದಲಾಗಿತ್ತು. ಈ ಮೋಸದ ಬೇರೆಲ್ಲಿದೆಯೆಂದು ವಿಚಾರಿಸಿದರೆ ಒಂದು ಸಂಗತಿ ಸ್ಪಷ್ಟವಾಗುವದು: ಬಣ್ಣಗೆಟ್ಟ ಅಗ್ಗದ ಕಾಯಿಯು ಕಡುಗೆಂಪು ಕಾಯಿಯ ಬೆಲೆಯನ್ನು ಬಯಸಿದಾಗಲೇ ಈ ವಿಷವು ಬೇಕಾಗುತ್ತದೆ. ಮೋಸಗಾರನು ಯಾವಾಗಲೂ ಒಳ್ಳೆಯ ಸರಕಿನ ಸಾಕ್ಷಿಯನ್ನೇ ನಕಲು ಮಾಡುತ್ತಾನೆ.

ಸ್ವತಂತ್ರ ಭಾರತವು ಈ ವಿಷಯದಲ್ಲಿ ಕಾಯಿದೆಗಳಿಗೆ ಕೊರತೆ ಮಾಡಲಿಲ್ಲ. ೧೯೫೪ರ ಆಹಾರ ಕಲಬೆರಿಕೆ ನಿಷೇಧದ ಕಾಯಿದೆಯು, ಒಂದು ಪದಾರ್ಥವು ಇನ್ನೊಂದರ ಹೆಸರಿನಲ್ಲಿ ಮಾರಲ್ಪಡುವದನ್ನೂ ತಾನು ಹುಟ್ಟದ ಸ್ಥಳದಲ್ಲಿ ಹುಟ್ಟಿದ್ದೆಂದು ಹೇಳಲ್ಪಡುವದನ್ನೂ ಅಪರಾಧದ ಪಟ್ಟಿಯಲ್ಲಿ ಸೇರಿಸಿತು. ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಯು ಅದರ ಸ್ಥಾನಕ್ಕೆ ಬಂದಿತು. ಊರಿನ ಹೆಸರು ಒಬ್ಬ ವ್ಯಾಪಾರಿಯ ಸೊತ್ತಲ್ಲ, ಆ ಸೀಮೆಯ ಬೆಳೆಗಾರರೆಲ್ಲರ ಸೊತ್ತು ಎಂಬ ತತ್ವವನ್ನು ಒಪ್ಪಿದ್ದು ಮಾತ್ರ ೧೯೯೯ರ ಭೌಗೋಳಿಕ ಸೂಚಿಗಳ ಕಾಯಿದೆ. ಅದು ೨೦೦೩ರ ಸೆಪ್ಟೆಂಬರ ೧೫ರಿಂದ ಜಾರಿಗೆ ಬಂದಿತು. ಸುಳ್ಳಾಗಿ ಊರಿನ ಹೆಸರನ್ನು ಹಚ್ಚಿದವನಿಗೆ ಅದು ೬ ತಿಂಗಳಿಂದ ೩ ವರ್ಷಗಳ ವರೆಗಿನ ಸೆರೆವಾಸವನ್ನೂ ೫೦ ಸಾವಿರದಿಂದ ೨ ಲಕ್ಷ ರೂಪಾಯಿಗಳ ವರೆಗಿನ ದಂಡವನ್ನೂ ವಿಧಿಸಿತು. ಈ ಕಾಯಿದೆಯ ಮೇರೆಗೆ ೨೦೧೧ರ ಫೆಬ್ರುವರಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ನೋಂದಣಿ ದೊರೆಯಿತು. ಪೇಟೆಯಿಂದ ಹುಟ್ಟಿದ ಹೆಸರಿಗೆ ಮೊದಲ ಸಲ ಕಾಯಿದೆಯ ಕಟ್ಟಿನಲ್ಲಿ ನೆಲದ ಎಲ್ಲೆಯನ್ನು ಗೊತ್ತುಪಡಿಸಿದಂತಾಯಿತು.

ಆದರೆ ಎಲ್ಲೆಯನ್ನು ಕಾಯುವವರು ಯಾರು? ಇಂದು ಆಂಧ್ರ, ತೆಲಂಗಾಣಗಳ ನೀರಾವರಿಯ ಹೊಲಗಳಲ್ಲಿಯೂ ಬಳ್ಳಾರಿ, ರಾಯಚೂರು ಸೀಮೆಗಳಲ್ಲಿಯೂ ೫೫೩೧, ೨೦೪೩ ಮುಂತಾದ ಸಂಖ್ಯೆಗಳಿಂದ ವರ್ತಕರು ಗುರುತಿಸುವ ಸಂಕರ ತಳಿಗಳು ಬೆಳೆಯುತ್ತವೆ. ಅವುಗಳ ಇಳುವರಿಯು ನಮ್ಮ ಮಳೆಯಾಶ್ರಯದ ಕಡ್ಡಿ, ಡಬ್ಬಿಗಳಿಗಿಂತ ಬಹಳ ಹೆಚ್ಚು. ಅವುಗಳಲ್ಲಿ ಕೆಲವು ಬ್ಯಾಡಗಿ ಎಂಬ ವಿಶೇಷಣವನ್ನು ಧರಿಸಿಯೇ ಮಾರಾಟವಾಗುತ್ತವೆ. ಗುಂಟೂರಿನ ಪೇಟೆಯ ದರಪಟ್ಟಿಯಲ್ಲಿಯೇ ಬ್ಯಾಡಗಿಯೆಂಬ ಹೆಸರಿನ ಕಾಯಿಗೆ ಬೇರೆ ಸಾಲುಗಳಿವೆ. ಅಲ್ಲಿಯ ಕಾಯಿಯು ಲಾರಿಗಳಲ್ಲಿ ಬ್ಯಾಡಗಿಯ ಪ್ರಾಂಗಣಕ್ಕೂ ಬರುತ್ತದೆ. ತನ್ನ ನಿಜವಾದ ಹೆಸರಿನಿಂದ ಬಂದು ಆ ಹೆಸರಿನಿಂದಲೇ ಮಾರಾಟವಾದರೆ ಅದು ಪೇಟೆಯ ಧರ್ಮ. ಪೇಟೆಗೆ ಯಾವ ಊರಿನ ಸರಕೂ ಬರಬಹುದು. ಆದರೆ ಚೀಲವು ಬ್ಯಾಡಗಿಯ ಬಾಗಿಲಿನಿಂದ ಹೊರಬಿದ್ದು, ಗಿರಣಿಯಲ್ಲಿ ಪುಡಿಯಾಗಿ, ಪೊಟ್ಟಣದ ಮೇಲೆ ಬ್ಯಾಡಗಿಯೆಂದು ಅಚ್ಚಾದಾಗ ೧೯೨೩ರ ಹತ್ತಿಯ ಕಾಯಿದೆಯು ಹೆದರಿದ ಸಂಗತಿಯೇ ನಡೆಯುತ್ತದೆ. ಮಾರಿದ ಊರು ಬೆಳೆದ ಊರಿನ ವೇಷವನ್ನು ಧರಿಸುತ್ತದೆ.

೨೦೨೪ರ ಮಾರ್ಚ ೧೧ರ ಸೋಮವಾರ ಬ್ಯಾಡಗಿಯ ಮಾರುಕಟ್ಟೆಯಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಬೆಲೆಯು ಒಮ್ಮೆಲೇ ಕುಸಿದಾಗ ರೊಚ್ಚಿಗೆದ್ದ ಬೆಳೆಗಾರರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಉರಿದವು. ಆ ಕುಸಿತವನ್ನು ಹೆಸರಿನ ಮೋಸವೊಂದಕ್ಕೇ ಕಟ್ಟುವದು ನ್ಯಾಯವಲ್ಲ; ಹೇರಳವಾದ ಆವಕದಂಥ ಬೇರೆ ಕಾರಣಗಳೂ ಇರುತ್ತವೆ. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಆ ದಿನ ಬಂದ ಬೆಳೆಗಾರರಿಗೂ ಬ್ಯಾಡಗಿಗೂ ಇದ್ದ ನಂಟನ್ನು ಮಾತ್ರ ಮನಸ್ಸಿಗೆ ತಂದುಕೊಳ್ಳಬೇಕು. ಅವರು ತಮ್ಮ ಸರಕಿನ ಬೆಲೆಯನ್ನು ಆ ಪೇಟೆಯ ಮಾತಿನ ಮೇಲೆ ಬಿಟ್ಟವರು. ಪೇಟೆಯ ಹೆಸರೇ ಸರಕಿನ ಹೆಸರಾದಲ್ಲಿ ಪೇಟೆಯು ಕೇವಲ ವ್ಯಾಪಾರದ ಸ್ಥಳವಾಗಿ ಉಳಿಯುವದಿಲ್ಲ, ನಂಬಿಕೆಯ ಠೇವಣಿಯಾಗುತ್ತದೆ.

ಮೀನಿನ ಜಾತಿಯನ್ನು ಡಿಎನ್‌ಎಯ ಪರೀಕ್ಷೆಯು ಹೇಳುತ್ತದೆ. ಹಾಗೆಯೇ ಮೆಣಸಿನ ಪುಡಿಯನ್ನೂ ಪ್ರಯೋಗಶಾಲೆಗೆ ಕಳಿಸಿದರಾಯಿತೆಂದು ಕೆಲವರು ಅನ್ನಬಹುದು. ಇಲ್ಲೊಂದು ತೊಡಕಿದೆ. ಪಾಂಪ್ಲೆಟ್ಟೂ ಪಾಕುವೂ ಬೇರೆ ಬೇರೆ ಜಾತಿಯ ಜೀವಿಗಳು. ಅವುಗಳ ಭೇದ ಸುಲಭ. ಬ್ಯಾಡಗಿಯ ಡಬ್ಬಿಯೂ ಗುಂಟೂರಿನ ಕಾಯಿಯೂ ಹೊಸ ಸಂಕರವೂ ಸಸ್ಯಶಾಸ್ತ್ರದ ದೃಷ್ಟಿಯಿಂದ ಒಂದೇ ಜಾತಿ. ಜಾತಿಯನ್ನು ಹೇಳುವ ಪರೀಕ್ಷೆಗೆ ಇಲ್ಲಿ ಬಾಯಿಲ್ಲ. ತಳಿಯನ್ನು ಗುರುತಿಸುವ ಸೂಕ್ಷ್ಮ ಪರೀಕ್ಷೆಗಳು ದಿನನಿತ್ಯದ ಪೇಟೆಯ ಕೆಲಸಕ್ಕೆ ಒದಗುವಂಥವಲ್ಲ. ಆದ್ದರಿಂದ ಯಂತ್ರಕ್ಕಿಂತ ಮೊದಲು ಮನುಷ್ಯನ ಸಾಕ್ಷಿ ಬೇಕು. ಯಾವ ಹೊಲ, ಯಾವ ಬೀಜ, ಯಾವ ರೈತನೆಂಬದು ಚೀಲವು ಪ್ರಾಂಗಣಕ್ಕೆ ಬಂದ ಗಳಿಗೆಯಲ್ಲಿಯೇ ದಾಖಲೆಯಾಗಬೇಕು. ಕಾಯಿಯು ಇಡಿಯಾಗಿರುವ ಕೊನೆಯ ಸ್ಥಳಗಳಲ್ಲಿ ಪೇಟೆಯು ಮುಖ್ಯವಾದದ್ದು. ಅಲ್ಲಿ ತಪ್ಪಿದ ಗುರುತು ಮುಂದೆಲ್ಲಿಯೂ ಸಿಗಲಾರದು.

ಇದಕ್ಕಿಂತಲೂ ಆಳವಾದ ಭಯವೊಂದಿದೆ, ಅದು ಬೀಜದ್ದು. ಕಡ್ಡಿ, ಡಬ್ಬಿಗಳ ಬೀಜವನ್ನು ರೈತರು ತಮ್ಮ ಬೆಳೆಯಲ್ಲಿಯೇ ಒಳ್ಳೆಯ ಕಾಯಿಗಳನ್ನಾರಿಸಿ ತಲೆತಲಾಂತರದಿಂದ ಕಾಯ್ದುಕೊಂಡು ಬಂದರು. ಮೆಣಸಿನ ಹೂವಿಗೆ ಪಕ್ಕದ ಹೊಲದ ಪರಾಗವೂ ಬಂದು ಕೂಡುತ್ತದೆ. ನೆರೆಯಲ್ಲಿ ಸಂಕರ ತಳಿ ಬೆಳೆದರೆ ಈ ಹೊಲದ ಬೀಜದ ಶುದ್ಧತೆಯೂ ಕೆಡುವ ಸಂಭವವಿದೆ. ಹೀಗಿರುವಾಗ ಹೆಚ್ಚು ಇಳುವರಿಯ ಕಾಯಿಗೂ ಅದೇ ಹೆಸರು, ಅದೇ ಬೆಲೆ ಸಿಗುವದಾದರೆ ಕಡಿಮೆ ಇಳುವರಿಯ ಹಳೆಯ ಬೀಜವನ್ನು ಬಿತ್ತುವವನು ಯಾರು? ಹತ್ತಿಯ ಕಥೆಯು ನಮಗೆ ಎಚ್ಚರಿಕೆಯಾಗಿ ನಿಂತಿದೆ. ಜಿ. ಎಲ್. ಕೊಟ್ಟೂರರಂಥ ತಜ್ಞರು ಧಾರವಾಡದಲ್ಲಿ ಕುಮಟಾ ಹತ್ತಿಯನ್ನು ಆರಿಸಿ ಸುಧಾರಿಸಲು ದುಡಿದರು. ೧೯೭೨ರಲ್ಲಿ ಧಾರವಾಡದಲ್ಲಿಯೇ ವರಲಕ್ಷ್ಮಿ ಎಂಬ ಸಂಕರ ಹತ್ತಿ ಹುಟ್ಟಿತು. ಕೈಯಿಂದ ಪರಾಗವನ್ನು ಮುಟ್ಟಿಸಿ ಸಂಕರ ಬೀಜವನ್ನು ತಯಾರಿಸುವ ಕೆಲಸದಲ್ಲಿ ರಾಣೇಬೆನ್ನೂರ ಸೀಮೆಯ ಹೆಣ್ಣುಮಕ್ಕಳ ಬೆರಳುಗಳು ನುರಿತವು. ೨೦೦೨ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಹೊಲಗಳ ರೂಪವೇ ಬದಲಾಯಿತು. ಇದರಿಂದ ರೈತನಿಗೆ ಲಾಭವಾದದ್ದೂ ಉಂಟು. ಅದನ್ನು ಅಲ್ಲಗಳೆಯುವದು ಸಲ್ಲದು. ಆದರೆ ಕುಮಟಾ, ಧಾರವಾಡ-ಅಮೇರಿಕನ್ ಎಂಬ ಹೆಸರುಗಳು ಇಂದು ಹಳೆಯ ಗ್ಯಾಝೆಟಿಯರುಗಳನ್ನು ತೆರೆದವರಿಗೆ ಮಾತ್ರ ಪರಿಚಿತ. ಹತ್ತಿಯಲ್ಲಿ ವಸ್ತುವಿನೊಡನೆ ಹೆಸರೂ ಮರೆಯಾಯಿತು. ಮೆಣಸಿನಕಾಯಿಯಲ್ಲಿ ಹಾಗಾಗದೆ, ವಸ್ತುವು ಹೋಗಿ ಹೆಸರು ಮಾತ್ರ ಉಳಿಯುವ ಸಂಭವವಿದೆ. ಅದು ಹೆಚ್ಚಿನ ವಿಪತ್ತು. ಏಕೆಂದರೆ ಹೆಸರು ಪೇಟೆಯಲ್ಲಿ ಸುಖವಾಗಿ ಬಾಳುತ್ತಿರುವಾಗ ಬೀಜವು ಸತ್ತುದು ಯಾರ ಅರಿವಿಗೂ ಬರಲಾರದು.

ಹಾಗಾದರೆ ಮಾಡತಕ್ಕದ್ದೇನು? ಕಾಯಿದೆಯು ಕೊಡಬಹುದಾದುದನ್ನು ಬಹುಮಟ್ಟಿಗೆ ಕೊಟ್ಟಿದೆ. ನೋಂದಣಿಯಾದ ಹೆಸರಿನ ಹಕ್ಕು ಹತ್ತು ವರ್ಷಗಳಿಗೊಮ್ಮೆ ನವೀಕರಣವನ್ನು ಬೇಡುತ್ತದೆ. ಅದನ್ನು ಬಳಸಲಿಕ್ಕೆ ಬೆಳೆಗಾರರು ಅಧಿಕೃತ ಬಳಕೆದಾರರೆಂದು ತಮ್ಮ ಹೆಸರುಗಳನ್ನು ಬರೆಯಿಸಬೇಕಾಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ರೈತನಿಗೆ ಆ ಕಾಗದವು ದೂರದ ದೇವರು. ಈ ಕೆಲಸದಲ್ಲಿ ನಮ್ಮ ಊರುಗಳ ವಿದ್ಯಾವಂತರು ರೈತರಿಗೆ ನೆರವಾಗಬಹುದು. ಮಾರುಕಟ್ಟೆಯವರು ಕಡ್ಡಿ, ಡಬ್ಬಿಗಳನ್ನೂ ಸಂಕರವನ್ನೂ ಹೊರಗಿನಿಂದ ಬಂದುದನ್ನೂ ಬೇರೆ ಬೇರೆ ರಾಶಿಗಳಾಗಿ, ಬೇರೆ ಬೇರೆ ಹೆಸರುಗಳಿಂದ ಕೊನೆಯ ವರೆಗೂ ನಡೆಸಬೇಕು. ಇನ್ನು ಮನೆವಾರ್ತೆಯವರ ಕೈಯಲ್ಲಿಯೂ ಒಂದು ಅಧಿಕಾರವಿದೆ, ಅದು ಸಣ್ಣದಲ್ಲ. ವರ್ಷದ ಖಾರವನ್ನು ಕುಟ್ಟಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಇಡಿಯ ಕಾಯಿಯನ್ನು ಮುಟ್ಟಿ, ಮುರಿದು, ಮೂಸಿ ಕೊಳ್ಳುವ ಗೃಹಿಣಿಯು ತನಗರಿಯದೆ ಒಂದು ಪರೀಕ್ಷಾಶಾಲೆಯನ್ನೇ ನಡೆಸುತ್ತಾಳೆ. ಪುಡಿಯನ್ನು ಕೊಳ್ಳಲೇಬೇಕಾದವರು ಪೊಟ್ಟಣದ ಮೇಲೆ ಬ್ಯಾಡಗಿಯೆಂದು ಕಂಡಾಗ, ಇದು ಮಾರಿದ ಊರೋ ಬೆಳೆದ ಊರೋ ಎಂದು ಕೇಳಬೇಕು. ಕೇಳುವವರು ಹೆಚ್ಚಿದಷ್ಟು ಉತ್ತರವನ್ನು ಸಿದ್ಧಮಾಡಿಟ್ಟುಕೊಳ್ಳುವದು ಅಂಗಡಿಯವನಿಗೂ ಅನಿವಾರ್ಯವಾಗುವದು.

ಹಾವೇರಿಯ ಏಲಕ್ಕಿಗೆ ಕೀರ್ತಿಯನ್ನು ತಂದದ್ದು ಈ ಊರಿನವರು ಮಾಡಿದ ಪ್ರಾಮಾಣಿಕವಾದ ಕೆಲಸ. ಅದು ಮಲೆನಾಡಿನದೆಂಬದನ್ನು ಅವರು ಎಂದೂ ಮರೆಮಾಚಲಿಲ್ಲ. ಬ್ಯಾಡಗಿಯ ಹೆಸರೂ ಮೊದಲಿಗೆ ಇಂಥ ಪ್ರಾಮಾಣಿಕತೆಯಿಂದಲೇ ಬೆಳೆದದ್ದು. ಪೇಟೆಯವರು ಕಾಯಿಯನ್ನು ಆರಿಸಿ, ಬೇರೆಮಾಡಿ, ಇದು ಇಂಥದೆಂದು ಹೇಳಿದ ಮಾತನ್ನು ದೂರದೇಶದ ವ್ಯಾಪಾರಿಗಳು ನಂಬಿದರು. ಆ ನಂಬಿಕೆಗೇ ಬ್ಯಾಡಗಿಯೆಂದು ಹೆಸರಾಯಿತು. ಕಾಯಿದೆಯ ಮುದ್ರೆಯು ಆ ನಂಬಿಕೆಯನ್ನು ಕಾಯಬಲ್ಲುದೇ ಹೊರತು ಹುಟ್ಟಿಸಲಾರದು. ಹುಟ್ಟಿಸುವ ಕೆಲಸವು ಹಿಂದಿನಂತೆ ಇಂದಿಗೂ ಹೊಲದಲ್ಲಿ ಬೀಜವನ್ನಾರಿಸುವ ಕೈಗೂ ಪೇಟೆಯಲ್ಲಿ ಚೀಲವನ್ನು ಬಿಚ್ಚಿ ನೋಡುವ ಕಣ್ಣಿಗೂ ಸೇರಿದ್ದು.